ಒಂದೇ ಮನೆಯ ಎರಡು ಯುದ್ಧಗಳು: ಮಹಾಯುದ್ಧದ ಕಾಲದ ಐರಿಷ್ ಗಂಡಸರು, ಹೆಂಗಸರು

ಮಾನ್ಯರೇ,

ಸೂರ್ಯೋದಯ ನೋಡಲೆಂದು ನಂದಿಬೆಟ್ಟ ಹತ್ತಿದವರೆಲ್ಲ ಅಲ್ಲಿಯ ಕೋಟೆಗೋಡೆಯ ಮಗ್ಗುಲಲ್ಲಿ ನಡೆದಿರುತ್ತೀರಿ. 1791ರ ಅಕ್ಟೋಬರಿನಲ್ಲಿ, ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ, ಟಿಪ್ಪು ಸುಲ್ತಾನನ ವಶದಲ್ಲಿದ್ದ ಆ ದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆ ಹಾಕಿ ಹಿಡಿಯಿತು. ಆ ಗೆಲುವಿನ ಗುರುತಾಗಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಯುರೋಪಿಯನ್ ರೆಜಿಮೆಂಟಿಗೆ 'ನಂದಿದುರ್ಗ' ಎಂಬ ಯುದ್ಧಗೌರವ ಸಂದಿತು. ಕಂಪನಿಯ ಬಿಳಿಯ ಸಿಪಾಯಿಗಳಲ್ಲಿ ಐರ್ಲೆಂಡಿನ ಬಡವರ ಪಾಲು ದೊಡ್ಡದಾಗಿತ್ತು. ಕಂಪನಿ ಹೋಗಿ ರಾಣಿಯ ಆಡಳಿತ ಬಂದ ಮೇಲೆ, 1881ರ ಸೇನಾ ಮರುವಿಂಗಡಣೆಯಲ್ಲಿ, ಮದ್ರಾಸಿನ ಆ ಹಳೆಯ ರೆಜಿಮೆಂಟು ಮುಂಬಯಿಯ ಮತ್ತೊಂದರ ಜೊತೆ ಕೂಡಿ 'ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್' ಎಂಬ ಹೊಸ ಹೆಸರು ಪಡೆಯಿತು. ಹೀಗಾಗಿ 1914ರಲ್ಲಿ ಡಬ್ಲಿನ್ನಿನ ಯಾವುದೋ ಓಣಿಯಿಂದ ಹೋಗಿ ಆ ರೆಜಿಮೆಂಟನ್ನು ಸೇರಿದ ಹುಡುಗ, ತಾನು ಕಂಡು ಕೇಳರಿಯದ ನಮ್ಮ ನಂದಿಬೆಟ್ಟದ ಹೆಸರನ್ನು ತನ್ನ ರೆಜಿಮೆಂಟಿನ ಕೀರ್ತಿಪಟ್ಟಿಯಲ್ಲಿ ಹೊತ್ತುಕೊಂಡೇ ಯುದ್ಧಕ್ಕೆ ಹೊರಟ.

ಆ ರೆಜಿಮೆಂಟಿನ ಕಲ್ಲಿನ ಕಮಾನೊಂದು ಡಬ್ಲಿನ್ ನಗರದ ನಡುವೆ, ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬ ಉದ್ಯಾನದ ಬಾಗಿಲಲ್ಲಿ ನಿಂತಿದೆ. ದಕ್ಷಿಣ ಆಫ್ರಿಕದಲ್ಲಿ ಡಚ್ ಮೂಲದ ಬೋಯರರ ಮೇಲೆ ಬ್ರಿಟಿಷರು ನಡೆಸಿದ ಬೋಯರ್ ಯುದ್ಧದಲ್ಲಿ ಮಡಿದ ತನ್ನ ಸಿಪಾಯಿಗಳಿಗಾಗಿ 1907ರಲ್ಲಿ ಕಟ್ಟಿಸಿದ ಕಮಾನು ಅದು. ಅದೇ ಬೋಯರ್ ಯುದ್ಧದಲ್ಲಿ ಜಾನ್ ಮ್ಯಾಕ್‌ಬ್ರೈಡ್ ಎಂಬ ಐರಿಷ್ ದೇಶಭಕ್ತ, ಐರಿಷರದೇ ಒಂದು ಪಡೆ ಕಟ್ಟಿ, ಬೋಯರರ ಪರವಾಗಿ ಬ್ರಿಟಿಷರ ಮೇಲೆ ಕಾದಾಡಿದ್ದರು. ಐರಿಷ್ ರಾಷ್ಟ್ರೀಯವಾದಿಗಳು ಈ ಕಮಾನಿಗೆ 'ದ್ರೋಹಿಗಳ ದ್ವಾರ' ಎಂದು ಹೆಸರಿಟ್ಟರು. ಅದರ ಕಲ್ಲಿನ ಮೈಮೇಲೆ ಈಗಲೂ ಗುಂಡೇಟಿನ ಗುರುತುಗಳಿವೆ. ಅವು ದಕ್ಷಿಣ ಆಫ್ರಿಕದ ಗುಂಡುಗಳದಲ್ಲ, 1916ರ ಏಪ್ರಿಲಿನಲ್ಲಿ ಅದೇ ಉದ್ಯಾನದಲ್ಲಿ ನಡೆದ ಕಾಳಗದ ಗುಂಡುಗಳದು.

ಈ ಹೊತ್ತಿನ ನನ್ನ ಮಾತೆಲ್ಲ ಆ ಕಮಾನಿನ ಸುತ್ತಲೇ ಇದೆ. ಮಹಾಯುದ್ಧದ ಕಾಲದ ಐರಿಷರ ಚರಿತ್ರೆಯನ್ನು ಬಹುಕಾಲ ಎರಡು ಬೇರೆ ಬೇರೆ ಕಥೆಗಳನ್ನಾಗಿ ಹೇಳಿಕೊಂಡು ಬರಲಾಯಿತು. ದೊರೆಯ ಸಮವಸ್ತ್ರ ತೊಟ್ಟು ಫ್ರಾನ್ಸಿನಲ್ಲೂ ತುರ್ಕಿಯಲ್ಲೂ ಸತ್ತವರ ಕಥೆ ಒಂದು. ದೊರೆಯ ವಿರುದ್ಧ ಬಂದೂಕೆತ್ತಿ ಡಬ್ಲಿನ್ನಿನಲ್ಲಿ ಸತ್ತವರ ಕಥೆ ಇನ್ನೊಂದು. ಮೊದಲನೆಯದನ್ನು ಮರೆಯಲಾಯಿತು, ಎರಡನೆಯದನ್ನು ಪೂಜಿಸಲಾಯಿತು. ಆದರೆ ಈ ಇಬ್ಬರೂ ಅದೇ ಬೀದಿಗಳಿಂದ, ಎಷ್ಟೋ ಸಲ ಅದೇ ಮನೆಗಳಿಂದ ಹೊರಟವರು. ಈ ಕಥೆಗಳನ್ನು ಬೇರ್ಪಡಿಸಿದ್ದು ಆಮೇಲೆ ಬಂದ ರಾಜಕೀಯ. ಆ ಬೇರ್ಪಡಿಕೆಯ ಭಾರವನ್ನು ಹೆಚ್ಚು ಹೊತ್ತವರು ಮನೆಯಲ್ಲಿ ಉಳಿದ ಹೆಂಗಸರು ಎಂಬುದು ನನ್ನ ನಂಬಿಕೆ.

1914ರ ಹೊತ್ತಿಗೆ ಐರ್ಲೆಂಡ್ ಬ್ರಿಟನ್ನಿನ ಭಾಗವಾಗಿತ್ತು. ಸ್ವಯಮಾಡಳಿತ ಕೊಡುವ ಹೋಂ ರೂಲ್ ಮಸೂದೆ ಆ ಸೆಪ್ಟೆಂಬರ್ 18ರಂದು ಕಾಯಿದೆಯಾಯಿತು. ಆದರೆ ಯುದ್ಧ ಮುಗಿಯುವವರೆಗೆ ಜಾರಿಗೆ ಬರಕೂಡದೆಂದು ತಡೆಯಿಡಲಾಯಿತು. ಎರಡೇ ದಿನಗಳ ನಂತರ, ವಿಕ್ಲೋ ಜಿಲ್ಲೆಯ ವುಡನ್‌ಬ್ರಿಜ್ ಎಂಬಲ್ಲಿ, ಐರಿಷ್ ಸಂಸದೀಯ ಪಕ್ಷದ ನಾಯಕ ಜಾನ್ ರೆಡ್ಮಂಡ್, ಹೋಂ ರೂಲಿನ ರಕ್ಷಣೆಗೆಂದು ಕಟ್ಟಿದ್ದ ಐರಿಷ್ ಸ್ವಯಂಸೇವಕ ಪಡೆಯವರಿಗೆ, ಐರ್ಲೆಂಡಿನ ಗಡಿಯೊಳಗಷ್ಟೇ ನಿಲ್ಲದೆ ರಣರಂಗ ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೂ ಹೋಗಿ ಹೋರಾಡಬೇಕೆಂದು ಕರೆಕೊಟ್ಟರು. ಬ್ರಿಟನ್ನಿನ ಕಷ್ಟಕಾಲದಲ್ಲಿ ಕೈಹಿಡಿದರೆ ಯುದ್ಧ ಮುಗಿದ ಮೇಲೆ ಸ್ವರಾಜ್ಯ ಸಿಗುತ್ತದೆ ಎಂಬುದು ಅವರ ಎಣಿಕೆ. ಅದೇ ಎಣಿಕೆಯ ಮೇಲೆ ಅದೇ ವರ್ಷಗಳಲ್ಲಿ ನಮ್ಮ ನಾಯಕರಲ್ಲಿ ಹಲವರು ಸೈನ್ಯಕ್ಕೆ ಸೇರಿರೆಂದು ನಮ್ಮ ಜನಕ್ಕೂ ಹೇಳಿದ್ದರು. ಆದ್ದರಿಂದ ರೆಡ್ಮಂಡರನ್ನು ಭೋಳೆ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ಅವರ ಕರೆಯಿಂದ ಸ್ವಯಂಸೇವಕರ ಸಂಘಟನೆ ಒಡೆಯಿತು. ಬಹುಪಾಲು ಜನ ರೆಡ್ಮಂಡರ ಜೊತೆ ಉಳಿದರು. ಕೆಲವೇ ಸಾವಿರ ಮಂದಿ, ಆ ಕರೆಯನ್ನು ಒಪ್ಪದ ಓಯಿನ್ ಮ್ಯಾಕ್‌ನೀಲರ ಹಿಂದೆ ಹೋದರು. 1916ರ ಬಂಡಾಯ ಎದ್ದದ್ದು ಈ ಸಣ್ಣ ಗುಂಪಿನೊಳಗಿಂದ.

ಐರ್ಲೆಂಡಿನಲ್ಲಿ ಕಡ್ಡಾಯ ಸೇನಾಭರ್ತಿ ಎಂದೂ ಜಾರಿಯಾಗಲಿಲ್ಲ. ಹಾಗಿದ್ದೂ ಎರಡು ಲಕ್ಷಕ್ಕೂ ಹೆಚ್ಚು ಐರಿಷರು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಸತ್ತವರು ಸುಮಾರು 30,000ದಿಂದ 35,000 ಎಂದು ಚರಿತ್ರಕಾರರು ಅಂದಾಜು ಮಾಡುತ್ತಾರೆ. ಉತ್ತರದ ಅಲ್‌ಸ್ಟರಿನ ಪ್ರಾಟೆಸ್ಟೆಂಟರು ಬ್ರಿಟನ್ನಿನೊಡನೆಯೇ ಉಳಿಯಬೇಕೆಂಬ ಹಟದಿಂದ 36ನೆಯ ಡಿವಿಜನ್ ಕಟ್ಟಿಕೊಂಡು ಹೋದರು. ದಕ್ಷಿಣದ ಕ್ಯಾಥೊಲಿಕರಲ್ಲಿ ಹೋಂ ರೂಲ್ ನಂಬಿದವರು ಹೆಚ್ಚಾಗಿ 16ನೆಯ ಡಿವಿಜನ್ನಿನಲ್ಲಿದ್ದರು. ಆದರೆ ಸೇರಿದವರೆಲ್ಲರೂ ತತ್ತ್ವಕ್ಕಾಗಿ ಸೇರಿದರೆಂದು ಹೇಳಿದರೆ ಅದು ಬಡವರಿಗೆ ಮಾಡುವ ಅನ್ಯಾಯ. ಡಬ್ಲಿನ್ನಿನ ಹಳೆಯ ಮಹಡಿಮನೆಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಬದುಕುತ್ತಿತ್ತು. 1913ರಲ್ಲಿ ಮಾಲೀಕರು ಕಾರ್ಮಿಕರನ್ನು ತಿಂಗಳುಗಟ್ಟಲೆ ಹೊರಗಿಟ್ಟ ಲಾಕ್‌ಔಟಿನ ಹಸಿವು ಇನ್ನೂ ಆರಿರಲಿಲ್ಲ. ಗಂಡ ಸೈನ್ಯಕ್ಕೆ ಸೇರಿದರೆ ಹೆಂಡತಿಗೆ ವಾರವಾರವೂ ಸರ್ಕಾರದ ಭತ್ಯೆ ಬರುತ್ತಿತ್ತು; ಎಷ್ಟೋ ಹೆಂಗಸರ ಕೈಗೆ ತಪ್ಪದೆ ಬಂದ ಮೊದಲ ಹಣ ಅದೇ.

ಯುದ್ಧಕ್ಕೆ ಮುಂಚೆ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸಿನ ಮೊದಲನೆಯ ಬೆಟಾಲಿಯನ್ ಇದ್ದದ್ದು ಮದ್ರಾಸಿನಲ್ಲಿ, ರಾಯಲ್ ಮನ್‌ಸ್ಟರ್ ಫ್ಯುಸಿಲಿಯರ್ಸಿನದು ರಂಗೂನಿನಲ್ಲಿ. ಈ ಎರಡನ್ನೂ 1915ರ ಏಪ್ರಿಲ್ 25ರಂದು ತುರ್ಕಿಯ ಗಲಿಪೊಲಿ ತೀರದಲ್ಲಿ ಇಳಿಸಲಾಯಿತು. ರಿವರ್ ಕ್ಲೈಡ್ ಎಂಬ ಕಲ್ಲಿದ್ದಲು ಹಡಗನ್ನು ಬೇಕೆಂದೇ ದಡಕ್ಕೆ ಹತ್ತಿಸಿ, ಅದರ ಪಕ್ಕೆಯಲ್ಲಿ ಕೊರೆದ ಬಾಗಿಲುಗಳಿಂದ ಸಿಪಾಯಿಗಳನ್ನು ಹೊರಗೆ ಬಿಟ್ಟರು. ತುರ್ಕರ ಗುಂಡಿಗೆ ಸಿಕ್ಕು ದೋಣಿಗಳಲ್ಲೂ ನೀರಿನಲ್ಲೂ ಅವರು ಸಾಲುಸಾಲಾಗಿ ಬಿದ್ದರು. ಎರಡೂ ಬೆಟಾಲಿಯನ್ನುಗಳಲ್ಲಿ ಉಳಿದವರು ಎಷ್ಟು ಕಡಿಮೆಯಾದರೆಂದರೆ, ಕೆಲಕಾಲ ಅವನ್ನು ಬೆರೆಸಿ ಒಂದೇ ಬೆಟಾಲಿಯನ್ ಮಾಡಬೇಕಾಯಿತು.

ಇನ್ನು 1916ರ ಏಪ್ರಿಲಿನ ಕೊನೆಯ ವಾರಕ್ಕೆ ಬರುತ್ತೇನೆ. ಈ ವಾರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಏಪ್ರಿಲ್ 24, ಈಸ್ಟರ್ ಹಬ್ಬದ ಮರುದಿನ, ಸೋಮವಾರ. ಪ್ಯಾಟ್ರಿಕ್ ಪಿಯರ್ಸ್ ಮತ್ತು ಜೇಮ್ಸ್ ಕಾನಲಿ ಅವರ ಮುಂದಾಳುತನದಲ್ಲಿ ಬಂಡಾಯಗಾರರು ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯನ್ನು ಹಿಡಿದು ಐರಿಷ್ ಗಣರಾಜ್ಯವನ್ನು ಘೋಷಿಸಿದರು. ಸೈನಿಕರ ಹೆಂಡಂದಿರ ಭತ್ಯೆ ಬಟವಾಡೆಯಾಗುತ್ತಿದ್ದುದು ಅಂಚೆ ಕಚೇರಿಗಳಲ್ಲೇ. ಬಂಡಾಯಗಾರರನ್ನು ಕಂಡು ಕೂಗಾಡಿ ಶಪಿಸಿದ ಹೆಂಗಸರ ವಿಷಯ ಅನೇಕ ನೆನಪುಗಳಲ್ಲಿ ಬರುತ್ತದೆ. ಹೇಳುವವರ ದನಿಯಲ್ಲಿ ಹೆಚ್ಚಾಗಿ ತಾತ್ಸಾರವಿರುತ್ತದೆ. ಆದರೆ ಆ ಹೆಂಗಸಿನ ಗಂಡ ಅದೇ ಹೊತ್ತಿಗೆ ಫ್ರಾನ್ಸಿನ ಕಂದಕದಲ್ಲಿದ್ದ, ಅಥವಾ ವರ್ಷದ ಹಿಂದೆ ಗಲಿಪೊಲಿಯಲ್ಲಿ ಹೆಣವಾಗಿದ್ದ. ಅವಳ ಮಕ್ಕಳ ಆ ವಾರದ ಅನ್ನ ಆ ಕಟ್ಟಡದೊಳಗಿತ್ತು. ಅವಳ ಸಿಟ್ಟನ್ನು ದೇಶದ್ರೋಹವೆಂದು ಬರೆದವರು ಅವಳ ಅಡುಗೆಮನೆಯನ್ನು ನೋಡಲಿಲ್ಲ.

ಬಂಡಾಯವನ್ನು ಅಡಗಿಸಲು ಮೊದಲು ಬೀದಿಗಿಳಿದ ತುಕಡಿಗಳಲ್ಲಿ ಐರಿಷ್ ರೆಜಿಮೆಂಟುಗಳವೂ ಇದ್ದವು. ಡಬ್ಲಿನ್ ಫ್ಯುಸಿಲಿಯರ್ಸ್ ಕೂಡ ಇತ್ತು. ಅದೇ ವಾರ, ಏಪ್ರಿಲ್ 27ರಂದು ಮತ್ತು 29ರಂದು, ಫ್ರಾನ್ಸಿನ ಹುಲುಕ್ ಎಂಬ ಹಳ್ಳಿಯ ಬಳಿ ಜರ್ಮನರು 16ನೆಯ ಐರಿಷ್ ಡಿವಿಜನ್ನಿನ ಮೇಲೆ ಕ್ಲೋರಿನ್ ವಿಷಾನಿಲ ಬಿಟ್ಟರು. 500ಕ್ಕೂ ಹೆಚ್ಚು ಐರಿಷ್ ಸಿಪಾಯಿಗಳು ಸತ್ತರು. ಡಬ್ಲಿನ್ನಿನ ಆ ವಾರದ ಕಾಳಗದಲ್ಲಿ ಎಲ್ಲ ಕಡೆಯವರೂ ಸೇರಿ ಸತ್ತವರು ಸುಮಾರು 485, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೀದಿಯ ಸಾಮಾನ್ಯರು. ಹುಲುಕ್‌ನ ಕಂದಕಗಳೆದುರು ಜರ್ಮನರು, ನಿಮ್ಮೂರಿನಲ್ಲಿ ಗಲಭೆಯೆದ್ದಿದೆ, ಇಂಗ್ಲಿಷರ ತೋಪುಗಳು ನಿಮ್ಮ ಹೆಂಡತಿ ಮಕ್ಕಳ ಮೇಲೆ ಗುಂಡು ಸುರಿಸುತ್ತಿವೆ ಎಂದು ಹಲಗೆಗಳ ಮೇಲೆ ಬರೆದು ನಿಲ್ಲಿಸಿದರು. ತನ್ನ ಊರಿನ ಸುದ್ದಿಯನ್ನು ಶತ್ರುವಿನ ಹಲಗೆಯಲ್ಲಿ ಓದಿದ ಸಿಪಾಯಿಯ ಮನಸ್ಸಿನಲ್ಲಿ ಏನಾಗಿರಬಹುದೆಂದು ನೀವೇ ಯೋಚಿಸಿ.

ಏಪ್ರಿಲ್ 29ರ ಶನಿವಾರ ಪಿಯರ್ಸ್ ಶರಣಾದರು. ನಮ್ಮ ದೇಶದ ಸೇನಾಚರಿತ್ರೆಯಲ್ಲಿಯೂ ಅದು ಕಹಿಯಾದ ದಿನ: ಮೆಸೊಪೊಟೇಮಿಯಾದ ಕೂಟ್ ಪಟ್ಟಣದಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯೊಳಗೆ ಹಸಿದಿದ್ದ, ಬಹುಪಾಲು ಭಾರತೀಯರೇ ಇದ್ದ ಜನರಲ್ ಟೌನ್‌ಷೆಂಡನ ಸೈನ್ಯ ತುರ್ಕರಿಗೆ ಶರಣಾದದ್ದು ಅದೇ ದಿನ. ಕೂಟನ್ನು ಬಿಡಿಸಲು ಹೊರಟಿದ್ದ ಸೈನ್ಯದ ಫಿರಂಗಿ ದಳದಲ್ಲಿ ಕಾರ್ಕ್ ಪ್ರಾಂತದ ಟಾಮ್ ಬ್ಯಾರಿ ಎಂಬ ಹದಿಹರೆಯದ ಹುಡುಗನಿದ್ದ. ಡಬ್ಲಿನ್ನಿನ ಬಂಡಾಯದ ಸುದ್ದಿ ಅವನಿಗೆ ತಲುಪಿದ್ದು ಆ ಮರುಭೂಮಿಯಲ್ಲಿ. ನಾಲ್ಕು ವರ್ಷಗಳ ಮೇಲೆ, 1920ರ ನವೆಂಬರ್ 28ರಂದು, ಕಿಲ್ಮೈಕೆಲ್ ಎಂಬಲ್ಲಿ ಬ್ರಿಟಿಷ್ ಪೊಲೀಸ್ ಪಡೆಯ ಮೇಲೆ ಹೊಂಚುದಾಳಿ ನಡೆಸಿದ ಐರಿಷ್ ಗೆರಿಲ್ಲಾ ನಾಯಕ ಇವನೇ. ಯುದ್ಧವಿದ್ಯೆಯನ್ನು ಅವನಿಗೆ ಕಲಿಸಿದ್ದು ಬ್ರಿಟಿಷ್ ಸೈನ್ಯ.

ಆ ವಾರದ ಹೆಂಗಸರ ವಿಷಯವನ್ನು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ನಾನು ಹಾಗೆ ಮುಗಿಸಲಾರೆ. ಇನ್ನೂರಕ್ಕೂ ಹೆಚ್ಚು ಹೆಂಗಸರು ಬಂಡಾಯದಲ್ಲಿ ಪಾಲ್ಗೊಂಡರು. ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದಲ್ಲಿ ಕಂದಕ ತೋಡಿಕೊಂಡಿದ್ದ ಪಡೆಗೆ ಕಾನ್‌ಸ್ಟನ್ಸ್ ಮಾರ್ಕೇವಿಚ್ ಎರಡನೆಯ ನಾಯಕಿ. ಶೆಲ್ಬರ್ನ್ ಹೋಟೆಲಿನ ಮೇಲಿಂದ ಮೆಷಿನ್‌ಗನ್ನುಗಳು ಗುಂಡು ಸುರಿಸತೊಡಗಿದಾಗ ಆ ಪಡೆ ಪಕ್ಕದ ಸರ್ಜನರ ಕಾಲೇಜಿಗೆ ಹಿಂದೆಗೆಯಿತು. ಉದ್ಯಾನದ ಕಾವಲುಗಾರ ಕೊಳದ ಬಾತುಕೋಳಿಗಳಿಗೆ ಕಾಳು ಹಾಕಲು ಬರುವಾಗ ಎರಡೂ ಕಡೆಯವರು ಗುಂಡು ನಿಲ್ಲಿಸುತ್ತಿದ್ದರೆಂದು ಡಬ್ಲಿನ್ನಿನಲ್ಲಿ ಇಂದಿಗೂ ಹೇಳುತ್ತಾರೆ. ಅದೇ ಕಾಳಗದಲ್ಲಿ ಮಾರ್ಗರೆಟ್ ಸ್ಕಿನಿಡರ್ ಎಂಬ ಶಾಲಾ ಶಿಕ್ಷಕಿ ಬಂದೂಕು ಹಿಡಿದು ಹೋರಾಡಿ ಮೂರು ಗುಂಡೇಟು ತಿಂದರು. ಸ್ವತಂತ್ರ ಐರ್ಲೆಂಡಿನಲ್ಲಿ ಗಾಯಾಳು ಸೈನಿಕರ ಪಿಂಚಣಿಗೆ ಅವರು ಅರ್ಜಿ ಹಾಕಿದಾಗ, ಆ ಕಾಯಿದೆಯಲ್ಲಿ ಸೈನಿಕ ಎಂಬ ಪದಕ್ಕೆ ಗಂಡಸು ಎಂದೇ ಅರ್ಥ ಎಂದು ಹೇಳಿ 1925ರಲ್ಲಿ ತಿರಸ್ಕರಿಸಲಾಯಿತು. ಪಿಂಚಣಿ ಅವರ ಕೈಸೇರಲು 1938ರವರೆಗೆ ಕಾಯಬೇಕಾಯಿತು.

ಪಿಯರ್ಸರ ಶರಣಾಗತಿಯ ಬಿಳಿ ಬಾವುಟ ಹಿಡಿದು, ಗುಂಡು ಹಾರುತ್ತಿದ್ದ ಬೀದಿಗೆ ಒಬ್ಬರೇ ಇಳಿದು ನಡೆದವರು ದಾದಿ ಎಲಿಜಬೆತ್ ಓಫಾರೆಲ್. ಆಮೇಲೆ ನಗರದ ಒಂದೊಂದು ಠಾಣ್ಯಕ್ಕೂ ಹೋಗಿ ಶರಣಾಗತಿಯ ಆಜ್ಞೆ ಮುಟ್ಟಿಸಿದವರೂ ಅವರೇ. ಬ್ರಿಟಿಷ್ ಸೇನಾಧಿಕಾರಿಯ ಎದುರು ಪಿಯರ್ಸ್ ನಿಂತಿರುವ ಪ್ರಸಿದ್ಧ ಛಾಯಾಚಿತ್ರದಲ್ಲಿ ಪಿಯರ್ಸರ ಮಗ್ಗುಲಿಗೆ ಅವರ ಉಡುಪಿನ ಅಂಚೂ ಪಾದಗಳೂ ಮಾತ್ರ ಕಾಣುತ್ತವೆ. ಆಮೇಲೆ ಅಚ್ಚಾದ ಕೆಲವು ಪ್ರತಿಗಳಲ್ಲಿ ಆ ಪಾದಗಳನ್ನೂ ಅಳಿಸಿಹಾಕಿದರು.

ಈಗ ಒಂದು ಮನೆಯ ಕಥೆ. ಡೇವಿಡ್ ಶೀಹಿ ಎಂಬ ಸಂಸತ್ ಸದಸ್ಯರ ಮನೆ ಡಬ್ಲಿನ್ನಿನ ಬೆಲ್ವೆಡೇರ್ ಪ್ಲೇಸಿನಲ್ಲಿತ್ತು. ಹಿರಿಯ ಮಗಳು ಹಾನಾ, ಫ್ರಾನ್ಸಿಸ್ ಸ್ಕೆಫಿಂಗ್ಟನ್ ಎಂಬ ಪತ್ರಕರ್ತರನ್ನು 1903ರಲ್ಲಿ ಮದುವೆಯಾದರು. ಹೆಣ್ಣು ಮಾತ್ರ ಹೆಸರು ಬದಲಿಸಬೇಕೇಕೆಂದು ಗಂಡಹೆಂಡಿರಿಬ್ಬರೂ ಶೀಹಿ-ಸ್ಕೆಫಿಂಗ್ಟನ್ ಎಂಬ ಜೋಡಿ ಹೆಸರಿಟ್ಟುಕೊಂಡರು. ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ 1908ರಲ್ಲಿ ಹಾನಾ ಜೊತೆ ಸೇರಿ ಐರಿಷ್ ಮಹಿಳಾ ಮತಾಧಿಕಾರ ಸಂಘವನ್ನು ಕಟ್ಟಿದವರು ಮಾರ್ಗರೆಟ್ ಕಸಿನ್ಸ್. ಅವರು 1915ರಲ್ಲಿ ಭಾರತಕ್ಕೆ ಬಂದು ನಮ್ಮ ಗಡಿಯಾಚೆಯ ಮದನಪಲ್ಲಿಯಲ್ಲಿ ನೆಲೆಸಿದರು. 1919ರಲ್ಲಿ ಅಲ್ಲಿಗೆ ಬಂದ ರವೀಂದ್ರನಾಥ ಠಾಕೂರರು ಹಾಡಿದ 'ಜನಗಣಮನ'ಕ್ಕೆ ಸ್ವರಲಿಪಿ ಹಾಕಿದವರೂ ಅವರೇ. ಮುಂದೆ 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಲ್ಲುವಂತೆ ಒತ್ತಾಯಿಸಿದವರೂ ಮಾರ್ಗರೆಟ್. ಡಬ್ಲಿನ್ನಿನಲ್ಲಿ ಹಾನಾ ಜೊತೆ ಬೆಳೆದ ಆ ಛಲ ಹೀಗೆ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳವರೆಗೂ ಬಂದು ಮುಟ್ಟಿತು.

ಹಾನಾರ ತಂಗಿ ಮೇರಿ ಮದುವೆಯಾದದ್ದು ಟಾಮ್ ಕೆಟಲ್ ಅವರನ್ನು: ಕವಿ, ವಕೀಲ, ಹಿಂದೆ ಸಂಸತ್ ಸದಸ್ಯರಾಗಿದ್ದವರು, ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. 1914ರ ಬೇಸಿಗೆಯಲ್ಲಿ ಐರಿಷ್ ಸ್ವಯಂಸೇವಕರಿಗೆ ಬಂದೂಕು ಕೊಳ್ಳಲೆಂದು ಕೆಟಲ್ ಬೆಲ್ಜಿಯಮ್ಮಿಗೆ ಹೋಗಿದ್ದರು. ಜರ್ಮನ್ ಸೈನ್ಯ ಆ ಸಣ್ಣ ದೇಶವನ್ನು ತುಳಿಯುವುದನ್ನು ಕಣ್ಣಾರೆ ಕಂಡು, ಈ ಯುದ್ಧದಲ್ಲಿ ಯಾರ ಪರ ನಿಲ್ಲಬೇಕೆಂಬುದನ್ನು ಅಲ್ಲೇ ತೀರ್ಮಾನಿಸಿಕೊಂಡು, ಊರಿಗೆ ಬಂದು ಡಬ್ಲಿನ್ ಫ್ಯುಸಿಲಿಯರ್ಸ್ ಸೇರಿದರು. ಫ್ರಾನ್ಸಿಸ್ ಮಾತ್ರ ಎಲ್ಲ ಯುದ್ಧಗಳಿಗೂ ವಿರೋಧಿ. ಸೈನ್ಯಕ್ಕೆ ಸೇರಬೇಡಿರೆಂದು ಭಾಷಣ ಮಾಡಿ ಜೈಲಿಗೆ ಹೋದವರು. ಒಂದೇ ಮನೆಯ ಅಳಿಯಂದಿರಾದ ಇಬ್ಬರೂ ಅಧಿಕಾರಕ್ಕೆ ಆಸೆಪಟ್ಟವರಲ್ಲ, ತಾವು ಸತ್ಯವೆಂದು ಕಂಡದ್ದಕ್ಕಾಗಿ ದೇಹ ಒಡ್ಡಿದವರು.

ಬಂಡಾಯದ ಎರಡನೆಯ ದಿನ, ಅಂಗಡಿಗಳ ಲೂಟಿ ತಡೆಯಲು ಜನರನ್ನು ಕೂಡಿಸುತ್ತ ಬೀದಿ ಸುತ್ತಿದ ಫ್ರಾನ್ಸಿಸ್‌ರನ್ನು, ಮನೆಗೆ ಹಿಂತಿರುಗುವ ದಾರಿಯಲ್ಲಿ ಪೋರ್ಟೊಬೆಲ್ಲೊ ಸೇತುವೆಯ ಬಳಿ ಸೈನಿಕರು ಹಿಡಿದರು. ಮರುದಿನ ಬೆಳಿಗ್ಗೆ, ಏಪ್ರಿಲ್ 26ರಂದು, ಕ್ಯಾಪ್ಟನ್ ಬೋವೆನ್-ಕೋಲ್ಟ್‌ಹರ್ಸ್ಟ್ ಎಂಬ ಅಧಿಕಾರಿ ವಿಚಾರಣೆಯಿಲ್ಲದೆ ಅವರನ್ನೂ ಇನ್ನಿಬ್ಬರು ಪತ್ರಕರ್ತರನ್ನೂ ಬ್ಯಾರಕ್ಕಿನ ಅಂಗಳದಲ್ಲಿ ಗುಂಡಿಕ್ಕಿ ಕೊಲ್ಲಿಸಿದ. ಆ ಅಧಿಕಾರಿಯೂ ಕಾರ್ಕ್ ಪ್ರಾಂತದ ಮನೆತನದವನೇ, ಐರಿಷನೇ. ಈ ಕೊಲೆಯನ್ನು ಮುಚ್ಚಿಡಲು ಬಿಡದೆ ಲಂಡನ್ನಿಗೆ ಹೋಗಿ ಮೇಲಧಿಕಾರಿಗಳ ಮುಂದಿಟ್ಟ ಮೇಜರ್ ಫ್ರಾನ್ಸಿಸ್ ವೇನ್ ಕೂಡ ಡಬ್ಲಿನ್ನಿನಲ್ಲಿ ಹುಟ್ಟಿದವರು. ಅದಕ್ಕೆ ಬೆಲೆಯಾಗಿ ಅವರು ಹುದ್ದೆ ಕಳೆದುಕೊಂಡರು. ಸೈನಿಕ ನ್ಯಾಯಾಲಯ ಬೋವೆನ್-ಕೋಲ್ಟ್‌ಹರ್ಸ್ಟ್ ತಪ್ಪಿತಸ್ಥ, ಆದರೆ ಮತಿಭ್ರಮಣೆಗೊಳಗಾದವನು ಎಂದು ತೀರ್ಪು ಕೊಟ್ಟಿತು. ಸರ್ಕಾರ ಪರಿಹಾರವಾಗಿ ಹತ್ತು ಸಾವಿರ ಪೌಂಡುಗಳನ್ನು ಕೊಡಲು ಬಂದಾಗ ಹಾನಾ ಅದನ್ನು ಮುಟ್ಟಲಿಲ್ಲ. ಮಗನನ್ನು ಕರೆದುಕೊಂಡು ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಮಾತಾಡಿದರು; 1918ರ ಜನವರಿಯಲ್ಲಿ ಅಧ್ಯಕ್ಷ ವಿಲ್ಸನ್ನರನ್ನೂ ಕಂಡರು.

ಭಾವನ ಕೊಲೆಯ ಸುದ್ದಿ ಕೆಟಲ್‌ರನ್ನು ಮುರಿದುಹಾಕಿತು. ಆದರೂ ಸಮವಸ್ತ್ರ ಕಳಚಲಿಲ್ಲ. ಬಂಡಾಯಗಾರರು ನಾಳೆ ವೀರರೆನಿಸಿಕೊಳ್ಳುತ್ತಾರೆ, ನನ್ನನ್ನು ಜನ ನೆನೆದರೂ ಬ್ರಿಟಿಷ್ ಅಧಿಕಾರಿಯೆಂದು ಬೈದುಕೊಂಡೇ ನೆನೆಯುತ್ತಾರೆ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಗಿದೆ. 1916ರ ಸೆಪ್ಟೆಂಬರ್ 9ರಂದು ಸೋಮ್ ಕಾಳಗದಲ್ಲಿ, ಜಿನ್ಶಿ ಎಂಬ ಹಳ್ಳಿಯ ಬಳಿ ಅವರು ಗುಂಡಿಗೆ ಬಲಿಯಾದರು. ಅವರಿಗೆ ಗೋರಿಯಿಲ್ಲ, ತಿಯೆಪ್ವಾಲ್ ಸ್ಮಾರಕದ ಗೋಡೆಯಲ್ಲಿ ಹೆಸರಷ್ಟೇ ಇದೆ. ಆ ದಿನ ಅವರ ಹತ್ತಿರವೇ ಇದ್ದ, ಆ ಕಾಳಗಕ್ಕಾಗಿ ಶೌರ್ಯಪದಕ ಪಡೆದ ಎಮೆಟ್ ಡಾಲ್ಟನ್ ಎಂಬ ಹದಿನೆಂಟರ ತರುಣ ಮುಂದೆ ಊರಿಗೆ ಮರಳಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಐರಿಷ್ ಗಣರಾಜ್ಯ ಸೇನೆಗೆ ತರಬೇತಿ ಕೊಟ್ಟರು. 1922ರ ಆಗಸ್ಟ್ 22ರಂದು ಹೊಸ ಐರಿಷ್ ಸರ್ಕಾರದ ಸೇನಾಧಿಪತಿ ಮೈಕೆಲ್ ಕಾಲಿನ್ಸ್ ಹೊಂಚುದಾಳಿಯಲ್ಲಿ ಮಡಿದಾಗಲೂ ಡಾಲ್ಟನ್ ಅವರ ಮಗ್ಗುಲಲ್ಲೇ ಇದ್ದರು. ಡಾಲ್ಟನ್ ಅವರನ್ನು ಯಾವ ಕಥೆಯೊಳಗೆ ಸೇರಿಸುವುದು?

ಸೋಮ್ ಕಾಳಗದ ಮೊದಲ ದಿನ, ಜುಲೈ 1ರಂದು, ಅಲ್‌ಸ್ಟರಿನ 36ನೆಯ ಡಿವಿಜನ್ ತನ್ನ ಸುಮಾರು ಎರಡು ಸಾವಿರ ಜನರನ್ನು ಕಳೆದುಕೊಂಡಿತು. ಉತ್ತರದ ಹಳ್ಳಿಗಳಲ್ಲಿ ಆ ದಿನ ಇಂದಿಗೂ ಸೂತಕದ ದಿನ. ಮುಂದಿನ ವರ್ಷದ ಜೂನ್ 7ರಂದು ಬೆಲ್ಜಿಯಮ್ಮಿನ ಮೆಸೀನ್ ದಿಬ್ಬವನ್ನು ಹಿಡಿಯುವಾಗ ಉತ್ತರದ 36ನೆಯದೂ ದಕ್ಷಿಣದ 16ನೆಯದೂ ಪಕ್ಕಪಕ್ಕದಲ್ಲಿ ಮುನ್ನುಗ್ಗಿದವು. ಜಾನ್ ರೆಡ್ಮಂಡರ ಸ್ವಂತ ತಮ್ಮ ವಿಲ್ಲಿ ರೆಡ್ಮಂಡ್, ಐವತ್ತಾರು ವರ್ಷದ ಸಂಸತ್ ಸದಸ್ಯರು, ಆ ದಿನ ಗಾಯ ತಿಂದು ಬಿದ್ದಾಗ ಹೊತ್ತು ತಂದವರು ರಾಜಕೀಯದಲ್ಲಿ ಅವರ ಕಡು ವಿರೋಧಿಗಳಾದ ಅಲ್‌ಸ್ಟರಿನ ಸಿಪಾಯಿಗಳು. ಅವರು ಉಳಿಯಲಿಲ್ಲ. ಅವರ ಸಾವಿನಿಂದ ತೆರವಾದ ಪೂರ್ವ ಕ್ಲೇರ್ ಕ್ಷೇತ್ರದ ಉಪಚುನಾವಣೆಯನ್ನು ಅದೇ ಜುಲೈಯಲ್ಲಿ ಗೆದ್ದವರು 1916ರ ಬಂಡಾಯದ ದಳಪತಿಗಳಲ್ಲಿ ಒಬ್ಬರಾದ ಏಮನ್ ಡಿ ವಲೇರಾ. ಹದಿನಾರು ಮಂದಿ ಬಂಡಾಯಗಾರರಿಗೆ ಸರ್ಕಾರ ಕೊಟ್ಟ ಮರಣದಂಡನೆ ಒಂದೇ ವರ್ಷದಲ್ಲಿ ದೇಶದ ಮನಸ್ಸನ್ನು ಹೇಗೆ ತಿರುಗಿಸಿಬಿಟ್ಟಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

10ನೆಯ ಐರಿಷ್ ಡಿವಿಜನ್ ಪ್ಯಾಲೆಸ್ತೀನಿನಲ್ಲಿತ್ತು. 1918ರಲ್ಲಿ ಅದರ ಐರಿಷ್ ಬೆಟಾಲಿಯನ್ನುಗಳಲ್ಲಿ ಬಹುಪಾಲನ್ನು ಫ್ರಾನ್ಸಿಗೆ ಕಳಿಸಿ, ಅವುಗಳ ಜಾಗಕ್ಕೆ ಭಾರತೀಯ ಬೆಟಾಲಿಯನ್ನುಗಳನ್ನು ತಂದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಕುದುರೆಯೋಡಿಸಿ ನುಗ್ಗಿದ್ದು ಇದೇ ರಣರಂಗದಲ್ಲಿ.

ಎರಡೂ ಕಥೆಗಳು ಒಂದನ್ನೊಂದು ಎದುರುಬದುರು ಕಂಡದ್ದು ನಮ್ಮ ನೆಲದಲ್ಲಿ. 1920ರ ಜೂನ್ 28ರಂದು, ಜಲಂಧರದ ವೆಲಿಂಗ್ಟನ್ ಬ್ಯಾರಕ್ಕಿನಲ್ಲಿ, ಬ್ರಿಟಿಷ್ ಸೈನ್ಯದ ಐರಿಷ್ ರೆಜಿಮೆಂಟಾದ ಕನ್ನಾಟ್ ರೇಂಜರ್ಸಿನ ಕೆಲವು ಸಿಪಾಯಿಗಳು, ಇವರಲ್ಲಿ ಹಲವರು ಮಹಾಯುದ್ಧ ಕಂಡುಬಂದವರು, ಐರ್ಲೆಂಡಿನಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿರುವ ದೌರ್ಜನ್ಯ ನಿಲ್ಲುವವರೆಗೆ ನಾವು ಕೆಲಸ ಮಾಡುವುದಿಲ್ಲ ಎಂದು ಬಂದೂಕು ಕೆಳಗಿಟ್ಟರು. ಬಜಾರಿನಿಂದ ಬಟ್ಟೆ ತಂದು ಐರಿಷ್ ಗಣರಾಜ್ಯದ ಹಸಿರು, ಬಿಳಿ, ಕಿತ್ತಳೆ ಬಣ್ಣದ ಬಾವುಟ ಹೊಲಿದು ಹಾರಿಸಿದರು. ಸೋಲನ್ ಗುಡ್ಡದ ಠಾಣ್ಯದಲ್ಲಿ ಜೇಮ್ಸ್ ಡೇಲಿ ಎಂಬ ಇಪ್ಪತ್ತರ ಹುಡುಗ ಮುಂದಾಳಾದ. ಜುಲೈ 1ರ ರಾತ್ರಿ ಆಯುಧಾಗಾರದತ್ತ ನುಗ್ಗಿದಾಗ ಇಬ್ಬರು ಸಿಪಾಯಿಗಳು ಗುಂಡಿಗೆ ಸತ್ತರು. ಸೈನಿಕ ನ್ಯಾಯಾಲಯ ಹಲವರಿಗೆ ಮರಣದಂಡನೆ ವಿಧಿಸಿತು. ಒಬ್ಬನ ಹೊರತು ಉಳಿದವರ ಶಿಕ್ಷೆ ಸೆರೆವಾಸಕ್ಕಿಳಿಯಿತು. ಆ ಒಬ್ಬ ಡೇಲಿ. 1920ರ ನವೆಂಬರ್ 2ರ ಮುಂಜಾನೆ ದಗ್‌ಶಾಯಿ ಜೈಲಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. 1970ರಲ್ಲಿ ಅವನ ಅಸ್ಥಿಯನ್ನು ಐರ್ಲೆಂಡಿಗೆ ಕೊಂಡೊಯ್ದು ಅವನೂರಾದ ಟಿರೆಲ್ಸ್‌ಪಾಸ್‌ನಲ್ಲಿ ಮಣ್ಣುಮಾಡಿದರು.

ಬಂಡೆದ್ದವರಲ್ಲಿ ಒಬ್ಬನಾದ ಜೋ ಹಾಸ್, ಬ್ರಿಟಿಷರು ನಮ್ಮೂರಲ್ಲಿ ಮಾಡುತ್ತಿರುವುದನ್ನೇ ನಾವು ಭಾರತದಲ್ಲಿ ಮಾಡುತ್ತಿದ್ದೇವೆ ಎಂಬ ಅರಿವು ತನಗಾಯಿತೆಂದು ಮುಂದೆ ಹೇಳಿಕೊಂಡ. ಈ ಮಾತು ಕೇಳಿದಾಗ ನಮ್ಮ ಎದೆ ಅರಳುವುದು ಸಹಜ. ಆದರೆ ಅದೇ ಜಲಂಧರ ಬ್ರಿಗೇಡಿನ ದಳಪತಿಯಾಗಿ ಹದಿನಾಲ್ಕು ತಿಂಗಳ ಹಿಂದೆ ಅಮೃತಸರಕ್ಕೆ ಹೋಗಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಹೇಳಿದ ಡಯರ್ ಓದಿದ್ದು ಐರ್ಲೆಂಡಿನ ಕಾರ್ಕ್ ಪ್ರಾಂತದ ಶಾಲೆಯಲ್ಲಿ. ಅವನನ್ನು ಸಮರ್ಥಿಸಿದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಟಿಪ್ಪರರಿಯ ಕ್ಯಾಥೊಲಿಕ್ ರೈತ ಮನೆತನದವನು. ಇದನ್ನು ಹೇಳದೆ ಡೇಲಿಯ ಕಥೆಯೊಂದನ್ನೇ ಹೇಳಿದರೆ ನಾನು ನಿಮಗೆ ಅರ್ಧ ಐರ್ಲೆಂಡನ್ನು ಮಾತ್ರ ತೋರಿಸಿದಂತಾಗುತ್ತದೆ.

1922ರಲ್ಲಿ ಐರ್ಲೆಂಡಿನ ಬಹುಭಾಗ ಸ್ವತಂತ್ರವಾಯಿತು. ಆ ಜೂನ್ 12ರಂದು ಡಬ್ಲಿನ್, ಮನ್‌ಸ್ಟರ್, ಕನ್ನಾಟ್ ಮುಂತಾದ ದಕ್ಷಿಣದ ರೆಜಿಮೆಂಟುಗಳ ಬಾವುಟಗಳನ್ನು ವಿಂಡ್ಸರ್ ಅರಮನೆಯಲ್ಲಿ ದೊರೆಗೆ ಒಪ್ಪಿಸಿ, ರೆಜಿಮೆಂಟುಗಳನ್ನೇ ವಿಸರ್ಜಿಸಲಾಯಿತು. ಊರಿಗೆ ಮರಳಿದ ಹಳೆಯ ಸೈನಿಕರಲ್ಲಿ ಕೆಲವರನ್ನು ಗುಪ್ತಚರರೆಂಬ ಶಂಕೆಯಿಂದ ಕೊಂದದ್ದೂ ಉಂಟು. ಉಳಿದವರು ಪದಕಗಳನ್ನು ಪೆಟ್ಟಿಗೆಯಲ್ಲಿಟ್ಟರು. ಮಡಿದವರ 49,000ಕ್ಕೂ ಹೆಚ್ಚು ಹೆಸರುಗಳನ್ನು, ಐರಿಷ್ ರೆಜಿಮೆಂಟುಗಳಲ್ಲಿದ್ದ ಹೊರಗಿನವರನ್ನೂ ಸೇರಿಸಿ, ಎಂಟು ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಪುಟಗಳ ಅಂಚಿಗೆ ಹ್ಯಾರಿ ಕ್ಲಾರ್ಕ್ ಎಂಬ ಕಲಾವಿದ ಚಿತ್ರ ಬರೆದರು. ಸ್ಮಾರಕವನ್ನು ನಗರದ ನಡುವೆ, ಮೆರಿಯನ್ ಚೌಕದಲ್ಲಿ, ಸರ್ಕಾರದ ಕಟ್ಟಡಗಳೆದುರು ಮಾಡಬೇಕೆಂಬ ಮಾತು ಬಂದಾಗ, ಈ ರಾಷ್ಟ್ರ ನಿಂತಿರುವುದು ಅವರ ತ್ಯಾಗದ ಮೇಲಲ್ಲ ಎಂದು ಸಚಿವ ಕೆವಿನ್ ಓಹಿಗಿನ್ಸ್ 1927ರಲ್ಲಿ ವಿರೋಧಿಸಿದರು. ಅವರ ಸ್ವಂತ ಸೋದರನೊಬ್ಬ ಆ ಮಹಾಯುದ್ಧದಲ್ಲೇ ಮಡಿದಿದ್ದ. ಅವರನ್ನು ಕಟುಕರೆನ್ನಲಾರೆ, ಹೊಸ ರಾಷ್ಟ್ರದ ಹುಟ್ಟಿನ ಕಥೆ ಒಂದೇ ಇರಬೇಕೆಂದು ಅವರಿಗೆ ಅನ್ನಿಸಿತ್ತು.

ಕೊನೆಗೆ ಸ್ಮಾರಕವಾದದ್ದು ಊರಾಚೆಗೆ, ಲಿಫಿ ನದಿಯ ದಂಡೆಯ ಐಲೆಂಡ್‌ಬ್ರಿಜ್‌ನಲ್ಲಿ. ವಿನ್ಯಾಸ ಮಾಡಿದವರು ದೆಹಲಿಯ ಇಂಡಿಯಾ ಗೇಟ್ ಕಟ್ಟಿದ ಅದೇ ಎಡ್ವಿನ್ ಲುಟಿಯನ್ಸ್. ಬ್ರಿಟಿಷ್ ಸೈನ್ಯದಲ್ಲಿದ್ದವರೂ ಹೊಸ ಐರಿಷ್ ಸೈನ್ಯದಲ್ಲಿದ್ದವರೂ ಸಮಸಮ ಪಾಲಾಗಿ ಕೂಲಿಗೆ ನಿಂತು, ಯಂತ್ರಗಳಿಲ್ಲದೆ ಕೈಯಿಂದಲೇ ಕಲ್ಲೆತ್ತಿ ಆ ಉದ್ಯಾನವನ್ನು ಕಟ್ಟಿದರು. 1939ರಲ್ಲಿ ಆಗಬೇಕಿದ್ದ ಉದ್ಘಾಟನೆ ಇನ್ನೊಂದು ಯುದ್ಧದಿಂದ ನಿಂತಿತು. ಆಮೇಲೆ ದಶಕಗಳ ಕಾಲ ಅಲ್ಲಿ ಹುಲ್ಲು ಬೆಳೆಯಿತು, ಊರಿನ ಕಸ ಬಿತ್ತು. ದುರಸ್ತಿಯಾಗಿ ವಿಧ್ಯುಕ್ತವಾಗಿ ತೆರೆದದ್ದು 1988ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತು. ಆಗ ಐರಿಷ್ ಸೈನ್ಯ ಬಿಟ್ಟುಹೋಗಿ ಹಿಟ್ಲರನ ವಿರುದ್ಧ ಬ್ರಿಟಿಷ್ ಸೈನ್ಯದಲ್ಲಿ ಹೋರಾಡಿದ ಸುಮಾರು ಐದು ಸಾವಿರ ಮಂದಿಗೆ 1945ರಿಂದ ಏಳು ವರ್ಷ ಸರ್ಕಾರಿ ಕೆಲಸವನ್ನೇ ನಿಷೇಧಿಸಲಾಯಿತು. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ, ಬಹುತೇಕ ಎಲ್ಲರೂ ಸತ್ತ ಮೇಲೆ.

ಶೀಹಿ ಸೋದರಿಯರ ವಿಷಯಕ್ಕೆ ಮರಳುತ್ತೇನೆ. ಬ್ರಿಟಿಷ್ ಅಧಿಕಾರಿಯಿಂದ ಕೊಲೆಯಾದವನ ವಿಧವೆ ಹಾನಾ. ಬ್ರಿಟಿಷ್ ಅಧಿಕಾರಿಯಾಗಿ ಸತ್ತವನ ವಿಧವೆ ಮೇರಿ. ಹೊಸ ರಾಷ್ಟ್ರದ ಎಣಿಕೆಯಲ್ಲಿ ಒಬ್ಬಳು ಮಾನ್ಯಳು, ಇನ್ನೊಬ್ಬಳು ಮುಜುಗರ. 1937ರಲ್ಲಿ ಡಿ ವಲೇರಾ ತಂದ ಸಂವಿಧಾನದಲ್ಲಿ ಹೆಣ್ಣಿನ ಬದುಕು ಮನೆಯೊಳಗೆ ಎಂಬರ್ಥದ ಕಲಮು ಬಂದಾಗ, ಅದನ್ನು ವಿರೋಧಿಸಿದ ಹೆಂಗಸರ ಸಾಲಿನಲ್ಲಿ ಅಕ್ಕತಂಗಿಯರಿಬ್ಬರೂ ಇದ್ದರು.

ಅದೇ 1937ರಲ್ಲಿ ಟಾಮ್ ಕೆಟಲ್‌ರ ಎದೆಮಟ್ಟದ ಪ್ರತಿಮೆಯನ್ನು ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದಲ್ಲಿ ಇರಿಸಲಾಯಿತು. ಪೀಠದ ಮೇಲೆ ಏನು ಬರೆಯಬೇಕೆಂಬ ತಕರಾರಿನಲ್ಲಿ ವರ್ಷಗಳು ಕಳೆದಿದ್ದವು. ಇರಿಸುವಾಗ ಸಮಾರಂಭವೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಅದೇ ಉದ್ಯಾನದಲ್ಲಿ ಮಾರ್ಕೇವಿಚ್ ಅವರ ಪ್ರತಿಮೆಯೂ ಇದೆ, ಬಾಗಿಲಲ್ಲಿ ಗುಂಡೇಟು ತಿಂದ ಕಮಾನೂ ಇದೆ. ಕೆಟಲ್‌ರ ಪೀಠದ ಮೇಲೆ ಅವರದೇ ಕವಿತೆಯ ಕೊನೆಯ ಸಾಲುಗಳಿವೆ: ನಾವು ಸತ್ತದ್ದು ಬಾವುಟಕ್ಕಾಗಿ ಅಲ್ಲ, ದೊರೆಗಾಗಿ ಅಲ್ಲ, ಚಕ್ರವರ್ತಿಗಾಗಿ ಅಲ್ಲ, ದನಗಾಹಿಯ ಕೊಟ್ಟಿಗೆಯಲ್ಲಿ ಹುಟ್ಟಿದ ಒಂದು ಕನಸಿಗಾಗಿ ಎಂಬುದು ಅವುಗಳ ಭಾವ. ಸಾಯುವ ಐದು ದಿನ ಮೊದಲು, ಸೋಮ್ ರಣರಂಗದ ಬಯಲಿನಲ್ಲಿ ಕುಳಿತು, ಡಬ್ಲಿನ್ನಿನಲ್ಲಿ ಮೇರಿಯ ಬಳಿಯಿದ್ದ ಮೂರು ವರ್ಷದ ಮಗಳು ಬೆಟ್ಟಿಗೆ, ಅವಳು ದೊಡ್ಡವಳಾದ ಮೇಲೆ ಓದಿಕೊಳ್ಳಲೆಂದು ಬರೆದ ಕವಿತೆ ಅದು.